ಸನ್ನಿಧಿಯ ರೊಟ್ಟಿ

ಯೆರೂಸಲೇಮು
ದಾರ್ಯಾವೆಷ ದೊರೆಯ ಎಂಟನೆಯ ವರ್ಷ, ಕಿಸ್ಲೇವ್ ತಿಂಗಳು, ಸಬ್ಬತ್ತಿನ ಮರುದಿನ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಬಾಬೆಲಿನ ಕಾಲುವೆಯಲ್ಲಿ ನಿಂತು ಬಟ್ಟೆ ಒಗೆಯಬೇಡ ಎಂದರೆ ನೀನು ಕೇಳುವವಳಲ್ಲ. ನೀನು ಕಳಿಸಿದ ಖರ್ಜೂರ ತಲುಪಿತು. ಅರ್ಧ ಒಂಟೆಯವರ ಹೊಟ್ಟೆ ಸೇರಿದೆ, ಉಳಿದರ್ಧವನ್ನು ತಂಗಿ ಯೆಮೀಮಾಳಿಗೆ ಕಳಿಸಿದೆ. ಕಳಿಸಿದೆ ಎಂದೆ, ಕೈಯಾರೆ ಕೊಟ್ಟೆ ಎನ್ನಲಿಲ್ಲ. ಆ ಸಂಕಟವನ್ನೇ ನಿನಗೆ ಬರೆಯಬೇಕಾಗಿದೆ.

ನೀನು ಕಾಯುತ್ತಿದ್ದ ಆಲಯಸೇವೆಯ ಸರದಿ ನನಗೆ ಬಂತು. ನಿನ್ನೆ, ಸಬ್ಬತ್ತಿನ ವಿಶ್ರಾಂತಿಯ ದಿನ, ದೇವರ ಮುಖದ ಮುಂದೆ ಇಡುವ ರೊಟ್ಟಿಗಳನ್ನು ನಾನೇ ಹೊತ್ತು ಆಲಯದೊಳಗೆ ಹೋದೆ. ಹಳೆಯವನ್ನು ತೆಗೆದು, ಹೊಸವನ್ನು ಜೋಡಿಸಿ, ಸಾಂಬ್ರಾಣಿ ಇಟ್ಟು ತೆರೆಯ ಮುಂದೆ ನಿಂತೆ. ತೆರೆಯ ಆಚೆ ಏನಿದೆ ಎಂದು ಬಂದವರ ಕೈಲೆಲ್ಲ ಕೇಳಿಸುತ್ತೀಯಲ್ಲ, ಏನೂ ಇಲ್ಲಮ್ಮಾ. ಹಳೆಯ ಆಲಯ ಸುಟ್ಟಾಗಲೇ ದೇವರ ಪೀಠವಾಗಿದ್ದ ಒಡಂಬಡಿಕೆಯ ಪೆಟ್ಟಿಗೆಯೂ ಹೋಯಿತು. ಈಗಿರುವುದು ಬರಿಯ ನೆಲ ಮತ್ತು ಕತ್ತಲು. ಆ ಹಳೆಯ ಆಲಯದೊಳಗೆ ದೇವರ ಮೋಡ ಇಳಿದು ಯಾಜಕರೆಲ್ಲ ಹೊರಗೆ ಓಡಿಬಂದ ಕಥೆ ಹೇಳಿ ನಮ್ಮಿಬ್ಬರನ್ನು ಮಲಗಿಸುತ್ತಿದ್ದವಳು ನೀನು. ನಾನು ಹೊರಡುವಾಗಲೂ ನೀನು ಗದರಿದ್ದೆ: "ಪೆಟ್ಟಿಗೆ ಇಲ್ದಿದ್ರೆ ಏನೋ? ಅವನಿಗೇನು ಪೀಠ ಬೇಕಾ? ನೀನು ಮೊದ್ಲು ಮುಖ ತೊಳ್ಕೊಂಡು ಹೋಗಿ ನಿಂತ್ಕೋ." ನಿಂತೆ. ಅವನು ಇದ್ದನೋ ಇಲ್ಲವೋ ಹೇಳಲಾರೆ, ನನ್ನ ಮನಸ್ಸೆಲ್ಲ ಕೆಳಪೇಟೆಯಲ್ಲಿ ತಂಗಿಯ ಮನೆಯಲ್ಲಿತ್ತು.

ಅವಳು ಜ್ವರದಿಂದ ಮಲಗಿದ್ದಾಳೆ. ನಿನ್ನ ಅಳಿಯ ಮಲ್ಲೂಕ ದಿನವೂ ಹೇಳಿ ಕಳಿಸುತ್ತಿದ್ದ. ಮೊನ್ನೆ ಹೋದೆ, ಆದರೆ ಅಂಗಳದಲ್ಲೇ ನಿಂತೆ. ಯಾಜಕರ ಕಟ್ಟಳೆ ನಿನಗೆ ಗೊತ್ತೇ ಇದೆ. ಸಾವಾದ ಸೂರಿನಡಿ ನಾವಿದ್ದರೆ ಮೈಲಿಗೆ, ಸರದಿ ಕೈತಪ್ಪುತ್ತದೆ. ಮದುವೆಯಾಗದ ತಂಗಿಯಾದರೆ ಹೆಣ ಮುಟ್ಟಬಹುದು, ಗಂಡನ ಮನೆ ಸೇರಿದವಳನ್ನು ಮುಟ್ಟುವಂತಿಲ್ಲ. ಆದರೆ ಕಾಯಿಲೆಯವಳ ಪಕ್ಕ ಕೂರಬೇಡವೆಂದು ಯಾವ ಕಟ್ಟಳೆಯೂ ಹೇಳಿಲ್ಲ. ನಾನಿರುವಾಗಲೇ ಏನಾದರೂ ಆಗಿಬಿಟ್ಟರೆ ಎಂದು ಹೆದರಿದೆ, ಅಷ್ಟೇ. ಒಳಗಿಂದಲೇ ಕೂಗಿದಳು: "ಏನಣ್ಣಾ, ದೇವರಿಗೆ ಬಡಿಸೋ ದೊಡ್ಡ ಮನುಷ್ಯ, ನಂಗೊಂದು ಬಟ್ಲು ನೀರು ಕೊಟ್ರೆ ಕೈ ಸವೆದೋಗುತ್ತಾ?" ಸಬ್ಬತ್ತು ಮುಗಿಯಲಿ, ಬರುತ್ತೇನೆ ಎಂದೆ. "ಆಯ್ತು ಬಿಡು. ದೇವರಿಗೆ ಅವಸರ ಇರುತ್ತೆ, ನಾನು ಕಾಯ್ತೀನಿ" ಎಂದು ನಕ್ಕಳು. ನನಗೆ ನಾಚಿಕೆಯಾಗುತ್ತಿದೆ ಅಮ್ಮಾ. ಇವತ್ತು ಬೆಳಿಗ್ಗೆಯೇ ಹೋಗಬೇಕಿತ್ತು. ಹಳೆಯ ರೊಟ್ಟಿಯ ಪಾಲು ಹಂಚುವುದಿತ್ತು, ಸಂಜೆಯ ಧೂಪವೂ ನನ್ನದೇ, ಹೀಗೆ ಏನೇನೋ ನೆಪ ಹೇಳಿಕೊಂಡೆ. ಈ ಓಲೆಯನ್ನು ಒಂಟೆಯವನ ಕೈಗೆ ಕೊಟ್ಟವನೇ ಅವಳಲ್ಲಿಗೆ ಹೊರಡುತ್ತೇನೆ.

ಕಾಲುವೆ ಕೇರಿಯ ನಮ್ಮವರೆಲ್ಲರನ್ನೂ ಕೇಳಿದೆನೆಂದು ಹೇಳು. ಪರಲೋಕದ ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮಗ,
ಶೆಕನ್ಯ

ಒಂಟೆಯವನನ್ನು ನಿಲ್ಲಿಸಿಕೊಂಡು ಮತ್ತೆ ಬರೆಯುತ್ತಿದ್ದೇನೆ. ಮಲ್ಲೂಕ ಅಂಗಿ ಹರಿದುಕೊಂಡು ಬಂದಿದ್ದಾನೆ. ಯೆಮೀಮಾ ಹೋದಳಮ್ಮಾ. "ನೀನು ಹೋಗೋ ಹಾಗಿಲ್ಲಪ್ಪ, ಅವಳು ಬೇರೆ ಮನೆಯವಳು" ಎಂದರು ಹಿರಿಯ ಯಾಜಕರು. ಯಾಜಕನ ನಡುಕಟ್ಟು ಬಿಚ್ಚಿ ಅವರ ಕೈಗೆ ಕೊಟ್ಟಿದ್ದೇನೆ. ಹೋಗಬಹುದಾಗಿದ್ದಾಗ ಹೊರಗೆ ನಿಂತವನು, ಹೋಗಬಾರದ ಈ ಹೊತ್ತಿನಲ್ಲಿ ಅವಳನ್ನು ಮುಟ್ಟಲು ಹೋಗುತ್ತಿದ್ದೇನೆ. ಕೊನೆಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. "ಅಣ್ಣ ಬಂದ್ನಾ?" ಎಂದಳಂತೆ. "ಬಂದಿದಾನೆ ಕಣೇ, ನಿನ್ನ ಪಕ್ಕದಲ್ಲೇ ಕೂತಿದಾನೆ" ಎಂದನಂತೆ ಮಲ್ಲೂಕ. ಅವಳು ನಂಬಿದಳಂತೆ.