ಡಾಕ್ಟರಿಗೆ ಕಳಿಸಿದ ಫೋಟೋ

ಆಗಸ್ಟ್ 9, ಭಾನುವಾರ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಹಾಲು ದಿನಕ್ಕೊಮ್ಮೆ ಉಕ್ಕಿ ಬಂಡಾಯ ಏಳುವುದು ಬಿಟ್ಟರೆ ಅಡುಗೆಮನೆಯಲ್ಲಿ ನನ್ನ ಆಡಳಿತ ಸುಗಮವಾಗಿ ಸಾಗಿದೆ.

ನಿನ್ನ ದೂರಿನ ಕರಡು ಓದಿದೆ. ನಾಲ್ಕು ಪುಟ. ಜಗಳವನ್ನು ಅಮ್ಮನ ಹತ್ತಿರ ಕಲಿತವಳು ನೀನು, ಒಂದು ಅಕ್ಷರವೂ ಸಡಿಲವಿಲ್ಲ. ಫೋಟೋ ನೋಡಿಯೇ ಅಮ್ಮನ ಕಾಲಿನ ಗಾಯ ಪೂರ್ತಿ ಮಾಗಿದೆ, ಆಸ್ಪತ್ರೆಗೆ ಬರುವುದು ಬೇಡ ಎಂದ ಡಾಕ್ಟರು ಇನ್ನು ಯಾರ ಕಾಲನ್ನೂ ಮುಟ್ಟಕೂಡದು ಎಂದಿದ್ದೀಯ. ಆ ಫೋಟೋ ಕೇಳಿದ್ದೀಯಲ್ಲ, ಇದರ ಜೊತೆ ಇಟ್ಟಿದ್ದೇನೆ. ದೂರು ಕಳಿಸುವ ಮೊದಲು ಈ ಕಾಗದ ಪೂರ್ತಿ ಓದು.

ಲಾಕ್‌ಡೌನಿನಲ್ಲಿ ಆಸ್ಪತ್ರೆಯೇ ಫೋನಿನೊಳಗೆ ಬಂದು ಕೂತಿತ್ತು. ಮಂಗಳವಾರ ಹನ್ನೊಂದಕ್ಕೆ ನಮ್ಮ ಸರದಿ. ಅಮ್ಮ ಹತ್ತಕ್ಕೇ ತಲೆ ಬಾಚಿ, ಇಸ್ತ್ರಿ ಬಟ್ಟೆ ತೊಟ್ಟು ಕೂರುತ್ತಿದ್ದಳು. ಡಾಕ್ಟರಿಗೆ ಕೇಳುವುದು ಬರೀ ದನಿ ಕಣೇ ಎಂದರೆ, ನೀವು ಸುಮ್ಮನಿರಿ ಎನ್ನುತ್ತಿದ್ದಳು.

ಆ ಮಂಗಳವಾರ ಡಾಕ್ಟರು, ಸಕ್ಕರೆ ಕಾಯಿಲೆಯ ಹುಣ್ಣು ಹಗುರವಲ್ಲ, ಬಲ ಹಿಮ್ಮಡಿಯ ಫೋಟೋ ತೆಗೆದು ಕಳಿಸಿ ಎಂದರು. ಕಪ್ಪಾಗಿದ್ದರೆ ಅವತ್ತೇ ಆಸ್ಪತ್ರೆಗೆ ಸೇರಿಸಬೇಕು, ಜೊತೆಗೆ ಯಾರನ್ನೂ ಬಿಡುವುದಿಲ್ಲ ಎಂದೂ ಹೇಳಿದರು. ಅಮ್ಮನಿಗೆ ನಾಚಿಕೆ. ಈ ಕಾಲನ್ನು ಪರರಿಗೆ ತೋರಿಸಲೇ ಎಂದು, ಚೆನ್ನಾಗಿದ್ದ ಎಡಗಾಲನ್ನು ಮುಂದೆ ಚಾಚಿದಳು. ನೆಂಟರು ಬಂದರೆ ಹರಿದ ಹೊದಿಕೆ ಬಚ್ಚಿಡುವವಳಲ್ಲವೇ? ನಾನೂ ಹೂಂಗುಟ್ಟಿ ಅದನ್ನೇ ತೆಗೆದು ಕಳಿಸಿದೆ.

ಫೋಟೋ ನೋಡು, ಹೆಬ್ಬೆರಳು ಯಾವ ಕಡೆಗಿದೆ ಎಂದು. ನಲವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಊರವರ ಕಾಲು ಅಳೆದ ನನಗೆ ಎಡ ಬಲ ತಿಳಿಯಲು ಒಂದು ಕಣ್ಣು ಸಾಕು. ಆ ಡಾಕ್ಟರಿಗೆ ಅವತ್ತು ಎಷ್ಟು ಕಾಲು ಬಂದಿದ್ದವೋ. ಮುದುಕರು ಸುಳ್ಳು ಫೋಟೋ ಕಳಿಸಲಾರರು ಎಂದು ನಂಬಿದ್ದೊಂದೇ ಅವರ ತಪ್ಪು.

ಹನ್ನೆರಡು ದಿನಕ್ಕೆ ಅಮ್ಮನಿಗೆ ಜ್ವರ ಬಂತು. ಆಂಬುಲೆನ್ಸಿನ ಬಾಗಿಲು ಮುಚ್ಚುವಾಗ, ಗ್ಯಾಸ್ ಆಫ್ ಮಾಡಿದ್ದೀರಾ ಎಂದು ಕೇಳಿದಳು. ನಾಲ್ಕನೇ ದಿನ ತೀರಿಹೋದ ಸುದ್ದಿಯೂ ಫೋನಿನಲ್ಲೇ ಬಂತು. ಗ್ಯಾಸ್ ಆಫ್ ಮಾಡಿದ್ದೆ, ಅದನ್ನು ಅವಳಿಗೆ ಹೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ.

ದೂರು ಕಳಿಸಬೇಡ ಮಗಳೇ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ನಾಚಲಿಲ್ಲ. ಬಲಗಾಲನ್ನೇ ಕುರ್ಚಿಯ ಮೇಲಿಟ್ಟು, ನೆಟ್ಟಗೆ ತೆಗೀರಿ ಎಂದಳು. ಬಗ್ಗಿ ಹಿಮ್ಮಡಿ ನೋಡಲು ಅವಳಿಗೆ ಆಗುತ್ತಿರಲಿಲ್ಲ, ಅಲ್ಲಿ ನೋವೂ ತಿಳಿಯುತ್ತಿರಲಿಲ್ಲ. ಕಪ್ಪಾಗಿದ್ದು ಕಂಡದ್ದು ನನಗೊಬ್ಬನಿಗೇ. ಡಾಕ್ಟರಿಗೆ ಎರಡೂ ಕಾಲು ಬೇಕಂತೆ ಎಂದು ಎಡಗಾಲನ್ನೂ ತೆಗೆದೆ. ಕಳಿಸಿದ್ದು ಅದೊಂದನ್ನೇ. ಅವಳನ್ನು ಒಬ್ಬಳನ್ನೇ ಕಳಿಸಲು ನನ್ನಿಂದ ಆಗಲಿಲ್ಲ ಗುಬ್ಬಿ. ಮಾಗಿದೆ ಎಂಬ ಉತ್ತರವನ್ನು ಅವಳು ಎರಡು ಸಲ ಓದಿಸಿಕೊಂಡಳು. ಅವತ್ತು ಸಂಜೆ ಚಪ್ಪಲಿ ಮೆಟ್ಟಿ ತಾರಸಿಯ ಮೇಲೆ ಹತ್ತು ಸುತ್ತು ನಡೆದಳು. ನಾನು ಎಣಿಸುತ್ತಾ ಕೂತಿದ್ದೆ.