ಆರದ ಕೆಂಪು ದೀಪ

ನವೆಂಬರ್ ೧೨, ಬುಧವಾರ

ಕಾರು ಇವತ್ತೂ ಸ್ಟಾರ್ಟ್ ಆಗಲಿಲ್ಲ. ನಾಳೆ ಬೆಳಿಗ್ಗೆ ಹೆಂಡತಿ ಗಿರಿಜಳನ್ನು ಡಯಾಲಿಸಿಸ್‌ಗೆ ದೊಡ್ಡಬಳ್ಳಾಪುರಕ್ಕೆ ಕರೆದೊಯ್ಯಬೇಕು. ಓಡುವಾಗಲೂ ಬ್ಯಾಟರಿಯ ಕೆಂಪು ದೀಪ ಆರುವುದಿಲ್ಲ, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಎಂದು ಮೆಕ್ಯಾನಿಕ್ ಬೈರೇಶನಿಗೆ ಎಷ್ಟು ಸಲ ಹೇಳಿದೆ! "ನೀವು ಓದಿದ್ದು ಜಾಸ್ತಿಯಾಯ್ತು ಸಾರ್, ಹೊಸ ಬ್ಯಾಟರಿ ಹಾಕ್ಸಿ" ಅಂದ. ಹಾಕಿಸಿದೆ. ಅದೂ ಸತ್ತಿದೆ.

ಹಿಂದೆ ನಮ್ಮೂರಿಗೆ ಬೆಳಗಿನ ಬಸ್ಸಾದರೂ ಇತ್ತು. ಜನ ಹತ್ತುವುದಿಲ್ಲವೆಂದು ಅದನ್ನು ನಿಲ್ಲಿಸಿದ ಸಾರಿಗೆ ಅಧಿಕಾರಿಗಳನ್ನು ನಾನು ಮರೆತಿಲ್ಲ.

ಹಳೇ ಡೀಸೆಲ್ ಕಾರು, ಒಮ್ಮೆ ಹೊರಟರೆ ಬ್ಯಾಟರಿ ಇಲ್ಲದೆಯೂ ಓಡುತ್ತದೆ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ, ಆಯುಧಪೂಜೆಯಿಂದ ಕಾರಿನ ಮೂತಿ ಪೂರ್ವಕ್ಕೇ ಇರಬೇಕೆಂದು ಗಿರಿಜಳ ಹಟ. ಹಿಂದೆ ಗೇಟಿನವರೆಗೂ ಏರು, ಮುಂದೆ ಕಾಂಪೌಂಡ್ ಗೋಡೆ, ಅದರಾಚೆ ಇಳಿಜಾರು ರಸ್ತೆ.

"ಡಯಾಲಿಸಿಸ್ ಒಂದ್ಸಲ ತಪ್ಪಿದ್ರೆ ಏನಾಗುತ್ತೆ, ಮಲ್ಕೊಳ್ಳಿ" ಅನ್ನುತ್ತಾಳೆ. ಹೋದ ಸಲ ತಪ್ಪಿದಾಗ ಉಸಿರಿಗಾಗಿ ರಾತ್ರಿಯಿಡೀ ಎದ್ದು ಕೂತಿದ್ದಳು. ಈಗ ಅವಳ ಊದಿದ ಪಾದ ಒತ್ತಿ ನೋಡಿದೆ. ಬೆರಳಿನ ಗುಳಿ ಹಾಗೇ ನಿಂತಿದೆ.

ಇಟ್ಟಿಗೆ ಗೋಡೆ ತಾನೆ. ಹಾರೆ ಹಿತ್ತಲಲ್ಲಿದೆ.