ಒಂದು ಬಿಟ್ ತಪ್ಪು

ಅಕ್ಟೋಬರ್ 8, ಬುಧವಾರ
ಟ್ರಾಫಿಕ್ಕಿನಲ್ಲಿ ಸಿಂಗಸಂದ್ರ ದಾಟುವಷ್ಟರಲ್ಲೇ ಅರ್ಧ ಜೀವ ಹೋಯಿತು. ಲ್ಯಾಬಿಗೆ ಬಂದರೆ ಅದೇ ಬೋರ್ಡು, ಅದೇ ಗೋಳು — ಚಿಪ್‌ನೊಳಗಿಂದ ಟೆಸ್ಟ್ ಪೋರ್ಟಿನ ಮೂಲಕ ಓದಿದ ಸಂಖ್ಯೆಯಲ್ಲಿ ಒಂದು ಬಿಟ್ ಉಲ್ಟಾ, ಸೊನ್ನೆಯ ಜಾಗದಲ್ಲಿ ಒಂದು. ಆ ಭಾಗದ ಡಿಸೈನ್ ಲಿಖಿತ್‌ನದು. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಪಕ್ಕದಲ್ಲಿ ನಿಂತು ಪ್ರಶ್ನೆ ಬೇರೆ.

"ಮೇಡಂ, ಬೋರ್ಡ್ ಟೆಸ್ಟ್ ಮಾಡೋ ಪೋರ್ಟಲ್ಲೇ ಚಿಪ್ ಒಳಗಿನ ತಪ್ಪೂ ಯಾಕೆ ಹುಡುಕ್ತಾರೆ?"

ಹೇಳಿದೆ. ಮೊದಲು ಬೋರ್ಡಿನ ಬೆಸುಗೆಯನ್ನು ಸೂಜಿ ಚುಚ್ಚಿ ನೋಡುತ್ತಿದ್ದರು. ಚಿಪ್‌ಗಳ ಕಾಲು ಒತ್ತೊತ್ತಾಗಿ ಸೂಜಿಗೆ ಜಾಗವಿಲ್ಲದಾಯಿತು. ಬೆಸುಗೆ ಪರೀಕ್ಷೆಗೆಂದೇ ನಾಲ್ಕೈದು ಪಿನ್ ಇಟ್ಟರು, ಅದೇ ಈ ಪೋರ್ಟು. ಹೇಗೂ ಬಾಗಿಲಿದೆಯಲ್ಲ… ಆಮೇಲೆ ಅದೇ ದಾರಿಯಲ್ಲಿ ಪ್ರೊಸೆಸರ್ ನಿಲ್ಲಿಸಿ ಒಳಗೆ ಇಣುಕತೊಡಗಿದರು.

"ಬೆಸುಗೆ ನೋಡೋಕೆ ಬಂದೋರು ಮನೆಯೊಳಗೇ ಸೇರ್ಕೊಂಡ್ರಾ?" ಅಂದ. ತಲೆ ತಿನ್ನುತ್ತಾನೆ.

ಅಕ್ಟೋಬರ್ 10, ಸಂಜೆ
"ಇನ್ನೊಂದು ಬೋರ್ಡಲ್ಲಿ ಒಂದ್ಸಲ ಓದೋಣ ಮೇಡಂ" ಅಂದ ಲಿಖಿತ್.

"ನಿನ್ನ ತಪ್ಪನ್ನ ಬೋರ್ಡ್ ಮೇಲೆ ಹಾಕ್ಬೇಡ. ನಿನ್ನ ಕೆಲ್ಸ ನೆಟ್ಟಗೆ ಮಾಡು." ಎಲ್ಲರ ಮುಂದೆಯೇ ಅಂದೆ. ಅವನ ಮುಖ ಸಣ್ಣಗಾಯಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅಕ್ಟೋಬರ್ 14
ಮ್ಯಾನೇಜರ್ ಸುಧೀಂದ್ರ ಅವನಿಂದ ರಾಜೀನಾಮೆ ಬರೆಸಿಕೊಂಡರು. ತಪ್ಪು ಅವನ ಡಿಸೈನಿನದೇ ಎಂದು ನಾನು ಬರೆದ ರಿಪೋರ್ಟೇ ಸಾಕಾಯಿತು. ಬ್ಯಾಡ್ಜ್ ಕೊಟ್ಟು, ನನಗೂ ನಮಸ್ಕಾರ ಹೇಳಿ ಹೋದ. ಪೀಡೆ ತೊಲಗಿತು.

ನವೆಂಬರ್ 3
ಲಿಖಿತ್ ಮಾಡಿದ್ದ ಭಾಗವನ್ನು ಬೇರೆಯವರು ಹೊಸದಾಗಿ ಮಾಡುತ್ತಿದ್ದಾರೆ. ಕೆಲಸವಿಲ್ಲದೆ ಬೋರ್ಡು ಒರೆಸುತ್ತಿದ್ದೆ. ಪೋರ್ಟಿನ ಪಿನ್‌ಗಳ ಸಂದಿಗೆ ಹಾಕಿದ ಹತ್ತಿಯ ಬಡ್ಸ್ ಕೆಂಪಾಯಿತು. ಕುಂಕುಮ. ಆಯುಧಪೂಜೆ ದಿನ ನೀರಲ್ಲಿ ಕಲಸಿ ನಾನೇ ಇಟ್ಟಿದ್ದು. ಪಿನ್ನಿಂದ ಪಿನ್ನಿಗೆ ಹರಿದು ಅಂಟಿಕೊಂಡಿದೆ.

ಪೂರ್ತಿ ಒರೆಸಿ ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಎಲ್ಲ ಬಿಟ್ ಸರಿ. ಚಿಪ್‌ನಲ್ಲಿ ತಪ್ಪೇ ಇರಲಿಲ್ಲ. ಸುಧೀಂದ್ರರಿಗೆ ಹೇಳಿದೆ. ಎದ್ದು ಹೋಗಿ ಬಾಗಿಲು ಹಾಕಿದರು.

"ಕಸ್ಟಮರ್‌ಗೆ ಅವನ ತಪ್ಪು ಅಂತ ಹೇಳಾಗಿದೆ ಕಣ್ರೀ. ಈಗ ಕುಂಕುಮ ಅಂತೀರಾ? ಹಾಗಾದ್ರೆ ಮನೆಗೆ ಹೋಗೋರು ನೀವು."

ಹೊರಗೆ ಬಂದು ಆ ಬಡ್ಸ್ ಕಸದ ಬುಟ್ಟಿಗೆ ಹಾಕಿದೆ.

ನವೆಂಬರ್ 6, ಸಂಜೆ
ಲಿಖಿತ್ ಫೋನು. ಬೈಯಲೆಂದೇ ಮಾಡಿದ್ದಾನೆ ಅಂದುಕೊಂಡೆ. ನಾಳೆ ವೈಟ್‌ಫೀಲ್ಡಿನಲ್ಲಿ ಇಂಟರ್‌ವ್ಯೂ ಅಂತೆ.

"ಹಳೇ ಕೆಲ್ಸ ಯಾಕೆ ಬಿಟ್ಟೆ ಅಂತ ಕೇಳ್ತಾರೆ ಮೇಡಂ. ಇದ್ದಿದ್ದು ಹೇಳ್ಬಿಡ್ತೀನಿ. ಆದ್ರೆ ನಾನು ಎಲ್ಲಿ ತಪ್ಪಿದೆ ಅಂತ ನಂಗಿನ್ನೂ ಗೊತ್ತಾಗಿಲ್ಲ. ನೀವು ಒಳಗೆ ನೋಡಿದ್ದೀರಲ್ಲ, ಹೇಳ್ಕೊಡ್ತೀರಾ?"

ಹೇಳಿಕೊಟ್ಟೆ. ಇಲ್ಲದ ತಪ್ಪೊಂದನ್ನು ಅಲ್ಲೇ ಹೊಸೆದು, ಸಮಾಧಾನವಾಗಿ, ಅವನಿಗೆ ಅರ್ಥವಾಗುವವರೆಗೂ. ಬರೆದುಕೊಂಡ.

"ಓದಿ ಹೇಳ್ತೀನಿ, ಸರಿಯಿದ್ಯಾ ನೋಡಿ ಮೇಡಂ."

ಓದಿದ. ಒಂದು ಕಡೆ ತಡವರಿಸಿದ. ತಿದ್ದಿದೆ. ನಾಳೆ ಆ ಕಂಪನಿಯವರ ಮುಂದೆ ಕೂತು ಇದನ್ನೇ ತನ್ನ ತಪ್ಪೆಂದು ಅವನು—